ಕಾಣದ ಬಾಯಿಗೊಂದು ತುತ್ತು

ಒಂದಾನೊಂದು ಕಾಲದಲ್ಲಿ, ತುಂಗಭದ್ರೆಯ ಕಾಲುವೆ ಇನ್ನೂ ಯಾರ ಕನಸಿಗೂ ಬಾರದ ಕಾಲದಲ್ಲಿ, ಒಬ್ಬ ರೈತನ ಕಣದಲ್ಲಿ ಒಬ್ಬ ರಕ್ಕಸಿ ಬಂದು ನಿಂತಳಂತೆ. "ನೂರು ಆಳಿನ ಕೆಲಸ ನಾನೊಬ್ಬಳೇ ಮಾಡುತ್ತೇನೆ. ನನಗೆ ಅನ್ನ ಬೇಡ, ಕುರಿ ಬೇಡ, ಕೋಣ ಬೇಡ. ನನ್ನ ಮೈತುಂಬ ಬಾಯಿಗಳಿವೆ. ದಿನಾ ಹೊತ್ತು ಮೂಡುವ ಮೊದಲು ಒಂದೊಂದು ಬಾಯಿಗೂ ಒಂದೊಂದು ಬೆಣ್ಣೆಯುಂಡೆ ಇಟ್ಟರೆ ಸಾಕು. ಆದರೆ ಒಂದೇ ಒಂದು ಬಾಯಿ ಉಪವಾಸ ಬಿದ್ದರೂ ನಾನು ಬೆಂಕಿ ಉಗುಳುತ್ತೇನೆ" ಅಂದಳಂತೆ. ರೈತ ಒಪ್ಪಿದ. ಭುಜದ ಬಾಯಿಗೆ ಉಣಿಸಿದ, ಮೊಣಕಾಲಿನ ಬಾಯಿಗೆ ಉಣಿಸಿದ, ಬೆನ್ನಿನದಕ್ಕೆ ಏಣಿ ಹಾಕಿ ಹತ್ತಿ ಉಣಿಸಿದ. ಕಂಕುಳ ಸಂದಿಯಲ್ಲಿದ್ದ ಒಂದು ಬಾಯಿ ಮಾತ್ರ ಅವನ ಕಣ್ಣಿಗೆ ಬೀಳಲಿಲ್ಲ.

"ಆಮ್ಯಾಲ, ಯಜ್ಜಿ?" ಎಂದು ಪುಟ್ಟ ಹುಲಿಗೆಮ್ಮ ಕೇಳುತ್ತಿದ್ದಳು.

"ಆಮ್ಯಾಲೇನು? ಆ ಬಾಯಿ ಕಣ್ಣಿಗಿ ಬೀಳೂತನಕ ಕಥಿ ಮುಂದಕ್ಕ ಹೋಗಂಗಿಲ್ಲ. ಬಿದ್ದ ದಿನ ಹೇಳ್ತೀನಿ, ಮಲಕ್ಕೋ" ಎಂದು ಸಂಕಮ್ಮಜ್ಜಿ ಕೌದಿ ಎಳೆದು ಹೊದಿಸುತ್ತಿದ್ದಳು.

ಈ ಕಥೆಯನ್ನು ನಾನು ಗೋಡೆಯ ಮೊಳೆಯಲ್ಲಿ ನೇತಾಡುತ್ತ ಎಷ್ಟು ಸಲ ಕೇಳಿದ್ದೇನೋ. ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಹಿಗ್ಗು. ಏಕೆಂದರೆ ರಕ್ಕಸಿಯ ಬಾಯಿಗೆ ಬೆಣ್ಣೆ ಇಡುವ ಕೈ ನಾನೇ. ನಾನೊಂದು ಗ್ರೀಸ್ ಗನ್ನು. ಗನ್ನು ಎಂದೊಡನೆ ಹೆದರಬೇಡಿ, ನಾನು ಯಾರನ್ನೂ ಕೊಂದವನಲ್ಲ. ಯಂತ್ರಗಳ ಕೀಲುಗಳಿಗೆ ಜಿಡ್ಡು ಉಣಿಸುವುದಷ್ಟೇ ನನ್ನ ಕಸುಬು. ಒಂದು ತಾಯಿಕೆಲಸ ಅನ್ನಿ.

ನಾನು ಹುಟ್ಟಿದ್ದು ದೂರದ ಲೂಧಿಯಾನದ ಒಂದು ಸಣ್ಣ ಕಾರ್ಖಾನೆಯಲ್ಲಿ. ಮೊಣಕೈಯುದ್ದದ ಉಕ್ಕಿನ ಕೊಳವೆ ನನ್ನ ಹೊಟ್ಟೆ. ಅದರೊಳಗೊಂದು ಸ್ಪ್ರಿಂಗು. ತಲೆಯ ಬಳಿ ಒಂದು ಹಿಡಿಕೆ, ಮುಂದೆ ಗೇಣುದ್ದದ ಪೈಪು, ಅದರ ತುದಿಗೆ ಕಚ್ಚಿ ಹಿಡಿಯುವ ಮೂತಿ. ಒಂದು ಕೈಯಲ್ಲಿ ನನ್ನ ಹೊಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ಹಿಡಿಕೆ ಒತ್ತಿದರೆ ಮೂತಿಯಿಂದ ಗ್ರೀಸು ಹುಳದ ಹಾಗೆ ಹೊರಬರುತ್ತದೆ. ಲಾರಿಯ ಮೇಲೆ ಎಷ್ಟೋ ಊರು ದಾಟಿ ಗಂಗಾವತಿಗೆ ಬಂದಿಳಿದಾಗ ನನ್ನ ಮೈಗೆ ಇನ್ನೂ ಹಸಿ ಬಣ್ಣದ ವಾಸನೆಯಿತ್ತು.

ನನ್ನ ಮೊದಲ ಒಡೆಯ ಖಾದರಸಾಬ, ಅಕ್ಕಿ ಗಿರಣಿಯ ಫಿಟ್ಟರು. ಗಿರಣಿಯಲ್ಲಿ ನೆಲದಿಂದ ಮಾಳಿಗೆಯವರೆಗೂ ಯಂತ್ರಗಳು. ಹೊಟ್ಟಿನ ದೂಳು ಮಂಜಿನ ಹಾಗೆ ಕವಿದಿರುತ್ತಿತ್ತು. ಅಲ್ಲಿ ಚೀಲ ಹೊರಲು ಬಂದ ಯಮನೂರಪ್ಪನೆಂಬ ಹಮಾಲ, ಬಿಡುವಾದಾಗಲೆಲ್ಲ ಖಾದರಸಾಬನ ಹಿಂದೆ ಹಿಂದೆ ಸುತ್ತುತ್ತಿದ್ದ. ಕೆಲಸ ಕಲಿಯುವ ಹುಚ್ಚು. ಖಾದರಸಾಬ ಅವನಿಗೆ ಕಲಿಸಿದ ಮೊದಲ ಪಾಠ ನನ್ನ ಹೊಟ್ಟೆಯಲ್ಲಿ ಇವತ್ತಿಗೂ ಉಳಿದಿದೆ:

"ಗ್ರೀಸು ಹಾಕಿದ್ಯಾ ಅಂದ್ರ ಮಷಿನ್ನು ಉಂಡಂಗಲ್ಲೋ ಯಮನೂರಾ. ಹೊಸಾದು ಒಳಗ ಹೋಗಿ ಹಳೇದನ್ನ ಹೊರಗ ನೂಕಬೇಕು. ಕರ್ರಗಂದು ಕಣ್ಣಿಗಿ ಬಿತ್ತಂದ್ರ ಉಂಡೈತಿ. ಬೀಳಲಿಲ್ಲಂದ್ರ ತಟ್ಟಿ ಮುಂದಿಂದ ಎದ್ದು ಹೋಗೇತಿ ಅಂತ ತಿಳಕೋ."

ಗಿರಣಿ ಬೇರೆಯವರ ಕೈಗೆ ಹೋಗಿ ಹೊಸ ಯಂತ್ರಗಳು ಬಂದಾಗ ಖಾದರಸಾಬ ಕೆಲಸ ಬಿಟ್ಟ. ಹೋಗುವಾಗ ನನ್ನನ್ನು ಒರೆಸಿ ಯಮನೂರಪ್ಪನ ಕೈಗಿಟ್ಟ. "ನಿಂದೂ ಒಂದು ಮಷಿನ್ ಆಗಲಿ" ಎಂದು ಹರಸಿದ. ಹರಕೆ ಫಲಿಸಿತು. ಕೆಲವು ಸುಗ್ಗಿ ಕಳೆಯುವುದರೊಳಗೆ ಯಮನೂರಪ್ಪನ ಅಂಗಳಕ್ಕೆ ಒಂದು ಹಳೆಯ ಟ್ರ್ಯಾಕ್ಟರು, ಅದರ ಬಾಲಕ್ಕೆ ಒಂದು ಬೇಲರ್ ಬಂದು ನಿಂತವು. ಭತ್ತ ಕೊಯ್ದ ಮೇಲೆ ಗದ್ದೆಯಲ್ಲಿ ಸಾಲುಸಾಲಾಗಿ ಬಿದ್ದ ಹುಲ್ಲನ್ನು ಬಾಚಿ ನುಂಗಿ, ಪೆಂಡಿ ಕಟ್ಟಿ ಹಿಂದಿನಿಂದ ಉದುರಿಸುವ ಯಂತ್ರವೇ ಬೇಲರ್. ಅವನ ಅವ್ವ ಸಂಕಮ್ಮಜ್ಜಿ ಆರತಿ ಎತ್ತಲು ಹೊರಬಂದವಳು ಅದನ್ನು ಮೇಲಿನಿಂದ ಕೆಳಗೆ ನೋಡಿ, "ಯಪ್ಪಾ, ಇದು ನನ್ನ ಕಥಿಯಾಗಿನ ರಕ್ಕಸೀನ!" ಅಂದಳು.

ತಪ್ಪೇನಿಲ್ಲ. ಅದರ ಮೈತುಂಬ ನಿಪ್ಪಲ್‌ಗಳು, ಎಂದರೆ ಗ್ರೀಸು ಉಣ್ಣುವ ಗುಂಡುಬಾಯಿಗಳು. ಹೆಚ್ಚಿನವು ಕಣ್ಣೆದುರಿಗೇ ಇದ್ದವು. ಒಂದು ಮಾತ್ರ ದೊಡ್ಡ ಉರುಳೆಯ ಹಿಂದೆ, ಎರಡು ತಗಡುಗಳ ಸಂದಿಯಲ್ಲಿ ಅಡಗಿತ್ತು. ಅಲ್ಲಿಗೆ ಯಮನೂರಪ್ಪನ ದಪ್ಪ ಕೈ ಹೋಗದು. ಹೋದರೂ ಒಂದು ಕೈ ಮೂತಿ ಹಿಡಿಯಬೇಕು, ಎರಡು ಕೈ ನನ್ನನ್ನು ಒತ್ತಬೇಕು. ಮೂರು ಕೈ ಯಾವ ಮನುಷ್ಯನಿಗಿದೆ? ಆಗ ಅವನ ಕಿರಿಮಗಳು ಹುಲಿಗೆಮ್ಮ ಇನ್ನೂ ಎರಡು ಜಡೆಯ ಹುಡುಗಿ. ಸಪೂರ ಕೈಯನ್ನು ಸಂದಿಯೊಳಗೆ ತೂರಿಸಿ, ಕಣ್ಣು ಮುಚ್ಚಿ, ತಡಕಾಡಿ ನನ್ನ ಮೂತಿಯನ್ನು ಆ ಬಾಯಿಗೆ ಸೇರಿಸುತ್ತಿದ್ದಳು. "ಹೂಂ, ಯಪ್ಪಾ" ಎಂದೊಡನೆ ಅಪ್ಪ ಒತ್ತುತ್ತಿದ್ದ. ಕೆಳಗಿನ ಸೀಳಿನಿಂದ ಕಪ್ಪು ಗ್ರೀಸು ಇಣುಕಿದರೆ ಇಬ್ಬರೂ ನಗುತ್ತಿದ್ದರು. ಆ ಬಾಯಿಯನ್ನು ಯಾರೂ ಎಂದೂ ನೋಡಿರಲಿಲ್ಲ. ಮುಟ್ಟಿ ಬಲ್ಲವಳು ಅವಳೊಬ್ಬಳೇ.

ಹುಲಿಗೆಮ್ಮ ಬೆಳೆದಳು. ಟ್ರ್ಯಾಕ್ಟರು ಹೊಡೆಯುವುದನ್ನು ಕಲಿತಳು. ನಾನು ಮಾತ್ರ ಬಣ್ಣ ಬಿಟ್ಟು, ಹಿಡಿಕೆ ಸವೆದು, ಹಾಗೇ ಮುದುಕನಾದೆ. ನನ್ನೊಡನೆಯೇ ಯಮನೂರಪ್ಪನೂ.

ಹೋದ ಬೇಸಿಗೆಯಲ್ಲಿ ಜ್ಯಾಕು ಜಾರಿ ಬೇಲರಿನ ಮೂಗು ಅವನ ಬಲ ಹೆಗಲ ಮೇಲೆ ಬಿತ್ತು. ಎಲುಬು ಕೂಡಿತು, ಆದರೆ ಕೈ ಎದೆಯಿಂದ ಮೇಲೇಳಲಿಲ್ಲ. ನನ್ನ ಹಿಡಿಕೆ ಒತ್ತುವ ಬಲವೂ ಉಳಿಯಲಿಲ್ಲ. ಹುಲಿಗೆಮ್ಮನ ಅವ್ವ ಹಿರಿಮಗಳ ಬಾಣಂತನಕ್ಕೆಂದು ಹೋದವಳು ಇನ್ನೂ ಬಂದಿರಲಿಲ್ಲ. ಒಮ್ಮೆ ಸಂಕಮ್ಮಜ್ಜಿಯೇ ಸೆರಗು ಕಟ್ಟಿ ನನ್ನ ಹಿಡಿಕೆಗೆ ಜೋತುಬಿದ್ದಳು. ಹಿಡಿಕೆ ಅಲ್ಲಾಡಲಿಲ್ಲ, ಅಜ್ಜಿಯ ಕಾಲು ನೆಲ ಬಿಟ್ಟಿತು. "ಇದು ಗನ್ನಲ್ಲಾ, ಜೋಕಾಲಿ ಐತಿ" ಎಂದು ಅವಳು ಇಳಿದಳು.

ಕೂತು ತಿನ್ನುವ ಜೀವವಲ್ಲ ಯಮನೂರಪ್ಪನದು. ಮಹಾನವಮಿಯ ಆಯುಧಪೂಜೆ ಬಂದಾಗ ಎಡಗೈಯಲ್ಲಿ ಕುಂಚ ಹಿಡಿದು ಇಡೀ ಬೇಲರಿಗೆ ಕುಂಕುಮಗೆಂಪು ಬಣ್ಣ ಬಳಿದ. ಬಾಯಿಗಳ ಮೇಲೆ ಬಿದ್ದ ಬಣ್ಣವನ್ನು ಅರಿವೆಯಿಂದ ಒಂದೊಂದಾಗಿ ಒರೆಸಿದ. ಯಾರೂ ನೋಡದ ಸಂದಿಗೂ ಬಣ್ಣ ಮುಟ್ಟಲೆಂದು ಕುಂಚವನ್ನು ಒಂದು ಕೋಲಿಗೆ ಕಟ್ಟಿ ಒಳಗೆ ತೂರಿಸಿ ಆಡಿಸಿದ. ಮೇಲೆ ವಿಭೂತಿಯ ಗೆರೆ, ಚೆಂಡು ಹೂವಿನ ಸರ, ಕುಂಬಳಕಾಯಿ. ನನಗೂ ಒಂದು ಕುಂಕುಮದ ಬೊಟ್ಟು. ಕೇರಿಯವರೆಲ್ಲ ಬಂದು, "ಹೊಸಾದು ತಂದಂಗ ಆಗೇತಲ್ಲೋ" ಎಂದು ಹೊಗಳಿದರು. ಅಂದು ಅವನ ಮುಖದಲ್ಲಿ ಹೆಗಲು ಬಿದ್ದ ಮೇಲೆ ಮೊದಲ ಸಲ ಗೆಲುವು ಕಂಡೆ.

ಸುಗ್ಗಿ ಹತ್ತಿರ ಬಂದಾಗ ಆ ಗೆಲುವು ಇಳಿಯಿತು. ಒಂದು ಸಂಜೆ, "ಕಾರಟಗಿಯಾವ ಒಬ್ಬಾಂವ ಬೇಲರ್ ಕೇಳಾಕತ್ಯಾನ. ಕೊಟ್ಟಬಿಡೂದು" ಅಂದ.

ಹುಲಿಗೆಮ್ಮ ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿದಳು. "ಯಾಕ? ನಾ ಇಲ್ಲೇನು?"

"ನೀ ಟ್ರ್ಯಾಕ್ಟರ್ ಹೊಡೀತಿ. ಖರೇ. ಅದಕ್ಕ ಉಣಸಾವ್ರು ಯಾರು? ಮಂದಿ ಕೈ ಹಚ್ಚಿಸಿ ಮಷಿನ್ ಹಾಳ ಮಾಡ್ಕೊಳಾಕ ನಾ ತಯಾರಿಲ್ಲ."

"ಒಂದ ಕೈಲೆ ಹಾಕೂವಂಥಾ ಗನ್ನು ಬಂದಾವ, ಯಪ್ಪಾ. ಬ್ಯಾಟರೀದು. ವೈರ್ ಇಲ್ಲ, ಒತ್ತೂದು ಇಲ್ಲ."

"ಬ್ಯಾಟರಿ!" ಯಮನೂರಪ್ಪ ನನ್ನ ಕಡೆ ನೋಡಿದ. ನಾನೂ ಅವನ ಕಡೆ ನೋಡಿದೆ. ಇಬ್ಬರಿಗೂ ಅಷ್ಟೇ ಚುಚ್ಚಿತು.

ಸಂಕಮ್ಮಜ್ಜಿ ಮೂಲೆಯಿಂದ ಅಂದಳು: "ಪಣ ಕಟ್ಟಲೇ. ಕಥಿಯಾಗ ಹಂಗ ಮಾಡ್ತಾರ."

ಯಮನೂರಪ್ಪ ಉಡದಾರಕ್ಕೆ ಕಟ್ಟಿಕೊಂಡಿದ್ದ ಟ್ರ್ಯಾಕ್ಟರಿನ ಕೀಲಿಯನ್ನು ಬೆರಳಿನಿಂದ ತಿರುವಿದ. "ಆಗಲಿ. ಒಬ್ಬಾಕಿನ, ಯಾರ ಕೈನೂ ಕೂಡಿಸಿಕೊಳ್ಳದ ಎಲ್ಲಾ ಬಾಯಿಗೂ ಉಣಸು. ಉಣಸಿದಿ ಅಂದ್ರ ಈ ಕೀಲಿ ನಿನ್ನ ಉಡಿಯಾಗ ಹಾಕ್ತೀನಿ. ಆಗಲಿಲ್ಲಾ, ಕಾರಟಗಿಗೆ ಫೋನ್ ಹಚ್ಚತೀನಿ. ಆಮ್ಯಾಲ ಅಳಬಾರದು."

ಮರುದಿನ ನನ್ನನ್ನು ಅರಿವೆಯಲ್ಲಿ ಸುತ್ತಿಕೊಂಡು ಗಂಗಾವತಿಯ ಬಿಡಿಭಾಗಗಳ ಅಂಗಡಿಗೆ ಹೋದರು. ಮೂತಿಯ ಅಳತೆಗೆ ನಾನು ಬೇಕಿತ್ತು. ತನ್ನ ಜಾಗಕ್ಕೆ ಬರುವವನನ್ನು ಆರಿಸಲು ತಾನೇ ಹೋಗುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ. ಯಮನೂರಪ್ಪ ಒಳಗೆ ಬರಲಿಲ್ಲ. ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತು, ನೋಡದವನ ಹಾಗೆ ನೋಡುತ್ತಿದ್ದ.

ಅಂಗಡಿಯ ವಿರುಪಣ್ಣ ದೊಡ್ಡದೊಂದನ್ನು ಎರಡೂ ಕೈಯಿಂದ ಎತ್ತಿ ಮೇಜಿನ ಮೇಲಿಟ್ಟ. ಮೇಜು ನರಳಿತು. "ಇದು ನೋಡವಾ ತಂಗಿ. ಇದರ ಜೋರಿಗೆ ಕಲ್ಲಿನೊಳಗೂ ಗ್ರೀಸು ಹೊಕ್ಕೈತಿ."

"ಕಲ್ಲಿಗಿ ಯಾರ ಹಾಕ್ತಾರ, ಯಣ್ಣಾ? ನಮ್ಮ ಬೇರಿಂಗಿನ ಬೂಚು ಹಾರಿಹೋದ್ರ ನಿಮ್ಮನಿಗಿ ಬರಲೇನು?" ಹುಲಿಗೆಮ್ಮ ಅದನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದಳು. ಮಣಿಕಟ್ಟು ಬಾಗಿತು. ಇಳಿಸಿದಳು. "ಸಣ್ಣದು ತೋರಸ್ರಿ. ಪೈಪು ಮಾತ್ರ ಉದ್ದ ಇರಬೇಕು."

"ಗನ್ನು ಸಣ್ಣದು, ಪೈಪು ಉದ್ದ. ಛಲೋ ಆತು, ಹೆಣ್ಣು ಗಿಡ್ಡಿ, ಜಡಿ ಉದ್ದ" ಎಂದು ವಿರುಪಣ್ಣ ನಗುತ್ತ ಇನ್ನೊಂದು ತಂದ. ಮೂತಿಗೆ ಚಿಮಟದಂಥ ಹಿಡಿತವಿತ್ತು. ಒಮ್ಮೆ ಕಚ್ಚಿಸಿ ಬಿಟ್ಟರೆ ತಾನೇ ಹಿಡಿದು ನಿಲ್ಲುತ್ತದೆ. ಹುಲಿಗೆಮ್ಮ ಅದರ ಹೊಟ್ಟೆ ಬಿಚ್ಚಿ ಇಣುಕಿದಳು. ನಮ್ಮ ಊರಲ್ಲಿ ಗ್ರೀಸು ಸಿಗುವುದು ಡಬ್ಬದಲ್ಲಿ, ಕೊಳವೆಗಳಲ್ಲಲ್ಲ. ಡಬ್ಬದಿಂದ ತುಂಬಲು ಬರುವುದೇ? ಬರುತ್ತದೆ. ಒಂದು ಬ್ಯಾಟರಿ ದುಡಿಯುವಾಗ ಇನ್ನೊಂದು ಮನೆಯಲ್ಲಿ ಕರೆಂಟು ಉಣ್ಣುತ್ತಿರಬೇಕು. ಎರಡು ಕೊಡುತ್ತಾರೋ? ಕೊಡುತ್ತಾರೆ. ಆಮೇಲೆ ಅವಳು ಒಂದು ಕೆಲಸ ಮಾಡಿದಳು. ಓಢಣಿಯನ್ನು ಸೊಂಟಕ್ಕೆ ಸುತ್ತಿ ಅಂಗಡಿಯ ಮೇಜಿನ ಕೆಳಗೆ ಅಂಗಾತ ಮಲಗಿ, ಎಡಗೈಯನ್ನು ಮೇಜಿನ ಹಿಂದಿನ ಸಂದಿಗೆ ತೂರಿಸಿ, ಬಲಗೈಯಲ್ಲಿ ಗನ್ನು ಹಿಡಿದು, ಕಣ್ಣು ಮುಚ್ಚಿಕೊಂಡಳು. ಗಿರಾಕಿಗಳು ಬಗ್ಗಿ ನೋಡಿದರು.

"ಏನ್ ಮಾಡಾಕತ್ತೀಯವಾ?" ಅಂದ ವಿರುಪಣ್ಣ.

"ಕೈ ಎಣಸಾಕತ್ತೀನಿ. ಎರಡ ಸಾಕು, ಯಣ್ಣಾ. ಇದ ಕೊಡ್ರಿ."

ಮೊದಲ ಹೊಲ ದುರುಗಪ್ಪನದು. ಎಮ್ಮೆಗಳನ್ನು ಸಾಕಿದವನು, ಒಣಹುಲ್ಲಿಗೆ ಅವಸರ. ಅಂದು ಬೆಳಗ್ಗೆ ಹೊಲಕ್ಕೆ ಹೊರಡುವ ಮುನ್ನ ಹುಲಿಗೆಮ್ಮ ಚೂಡಿದಾರದ ಮೇಲೆ ಅಪ್ಪನ ಹಳೆಯ ಅಂಗಿ ತೊಟ್ಟು ಬೇಲರಿನ ಸುತ್ತ ತಿರುಗಿದಳು. ಹೊಸ ಗನ್ನು ಗುರ್ರ್ ಎನ್ನುತ್ತಿತ್ತು. ಒಂದೊಂದೇ ಬಾಯಿ ಉಂಡು ಕಪ್ಪು ಉಗುಳಿತು. ಕೊನೆಗೆ ಅವಳು ಕೆಳಗೆ ಮಲಗಿ ಕಾಣದ ಬಾಯಿಗೆ ಕೈ ತೂರಿಸಿದಳು. ತಡಕಾಡಿ ಮೂತಿ ಸೇರಿಸಿ, ಕೈ ಆನಿಸಿ ಒತ್ತಿ ಹಿಡಿದಳು. ಗನ್ನು ಗುರುಗುಟ್ಟಿತು. ಬೆರಳ ಸಂದಿಯಲ್ಲಿ ಗ್ರೀಸು ಉಕ್ಕಿ ಬಂತು. "ತುಂಬಿ ಚೆಲ್ತು!" ಎಂದು ಹಿಗ್ಗಿ, ಹೊರಬಂದು ಕೈ ಒರೆಸಿಕೊಂಡಳು. ಒರೆಸಿದ ಅರಿವೆ ನಾನಿದ್ದ ಪೆಟ್ಟಿಗೆಯೊಳಗೆ ಬಂದು ಬಿತ್ತು. "ಒಂದ ವ್ಯಾಳೆ ಬೇಕಾದೀತು" ಎಂದು ಯಮನೂರಪ್ಪ ನನ್ನನ್ನೂ ಟ್ರ್ಯಾಕ್ಟರಿನ ಪೆಟ್ಟಿಗೆಗೆ ಹಾಕಿದ್ದ.

ನಾನು ಆ ಅರಿವೆಯನ್ನು ನೋಡಿದೆ. ಅದಕ್ಕೆ ಹತ್ತಿದ ಗ್ರೀಸು ಜೇನಿನ ಬಣ್ಣಕ್ಕಿತ್ತು. ಅದರಲ್ಲಿ ಒಂದು ಎಳೆ ಕಪ್ಪೂ ಇರಲಿಲ್ಲ. ಖಾದರಸಾಬನ ಪಾಠ ನೆನಪಾಯಿತು. ಅದು ಉಂಡಿಲ್ಲ ಮಗಳೇ, ತಟ್ಟೆ ಮುಂದಿನಿಂದ ಎದ್ದಿದೆ. ಕೂಗಿದೆ. ಉಕ್ಕಿನ ಕೊಳವೆಯ ಕೂಗು ಯಾರಿಗೆ ಕೇಳಬೇಕು? ಯಮನೂರಪ್ಪ ತಾನೇ ಕೀಲಿ ತಿರುವಿ ಎಂಜಿನ್ ಹಚ್ಚಿ, ಕೀಲಿಯನ್ನು ಮತ್ತೆ ಉಡದಾರಕ್ಕೆ ಕಟ್ಟಿಕೊಂಡ. ಟ್ರ್ಯಾಕ್ಟರು ಹೊರಟಿತು.

ಸಂಕಮ್ಮಜ್ಜಿ ಬುತ್ತಿ ಗಂಟು, ನೀರಿನ ಕೊಡ ಇಟ್ಟುಕೊಂಡು ಬದುವಿನ ಮೇಲೆ ಕೂತಳು. ಯಮನೂರಪ್ಪ ಪಕ್ಕದಲ್ಲಿ. ದುರುಗಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತು, "ಹುಡುಗಿ ಕೈಯಾಗ ಮಷಿನ್ ಕೊಟ್ಟೀಯಲ್ಲೋ ಯಮನೂರಾ. ನನ್ನ ಎಮ್ಮಿಗೋಳು ಕಾಯಾಕತ್ತಾವ" ಅಂದ.

"ನಿನ್ನ ಎಮ್ಮಿ ಹಾಲು ಕರಿಯಾಕಿ ನಿನ್ನ ಹೇಣ್ತಿ. ನೀ ಏನ್ ಕರೀತಿ? ಸುಮ್ನ ಕುಂದ್ರು" ಅಂದಳು ಅಜ್ಜಿ.

ಬೇಲರು ಹುಲ್ಲಿನ ಸಾಲುಗಳನ್ನು ನುಂಗುತ್ತ, ಪೆಂಡಿ ಉದುರಿಸುತ್ತ ಹೋಯಿತು. ಎಳೆ ಬಿಸಿಲಲ್ಲಿ ಕೆಂಪು ಬಣ್ಣ ಮಿರುಗುತ್ತಿತ್ತು. ಯಮನೂರಪ್ಪನ ಮುಖ ಸಡಿಲಾಗುತ್ತ ಬಂದಿತ್ತು. ಆಮೇಲೆ ಅವನ ಮೂಗು ಅರಳಿತು. ಒಮ್ಮೆಲೇ ಎದ್ದು ಹೆಗಲ ಟವೆಲನ್ನು ಎಡಗೈಯಲ್ಲಿ ಬೀಸುತ್ತ ಗದ್ದೆಯ ಕೂಳೆಯ ಮೇಲೆ ಓಡಿದ. "ನಿಲ್ಲಸು! ಹುಲಿಗೀ, ನಿಲ್ಲಸು!"

ಉರುಳೆಯ ಸಂದಿಯಿಂದ ನೀಲಿ ಹೊಗೆ ಎಳೆಯಾಗಿ ಏಳುತ್ತಿತ್ತು. ಸುತ್ತ ಗರಿಗರಿ ಒಣಗಿದ ಹುಲ್ಲು. ಒಂದು ಕಿಡಿ ಸಾಕಿತ್ತು, ಬೇಲರು, ಟ್ರ್ಯಾಕ್ಟರು, ದುರುಗಪ್ಪನ ಹೊಲ ಎಲ್ಲ ಬೂದಿ. ಹುಲಿಗೆಮ್ಮ ಎಂಜಿನ್ ಆರಿಸಿ ಹಾರಿಳಿದಳು. ಸಂದಿಯಲ್ಲಿ ಸಿಕ್ಕಿದ ಹುಲ್ಲನ್ನು ಬರಿಗೈಯಲ್ಲಿ ಎಳೆದೆಳೆದು ಹೊರಗೆಸೆದಳು. ಹೊಗೆಯಾಡುವ ಹುಲ್ಲಿನ ಮೇಲೆ ದುರುಗಪ್ಪ ಕೊಡದ ನೀರೆಲ್ಲ ಸುರಿದ. ಹೊಗೆ ಕಡಿಮೆಯಾಯಿತು. ಬಿಸಿ ಕಬ್ಬಿಣ ಟಿಕ್ ಟಿಕ್ ಎನ್ನುತ್ತಿತ್ತು.

"ಆಟಿಗೀ ಸಾಮಾನು!" ಯಮನೂರಪ್ಪ ಟವೆಲನ್ನು ನೆಲಕ್ಕೆ ಬಡಿದ. "ಬ್ಯಾಟರೀ ಕೈಯಾಗ ಉಣಿಸಿದ್ರ ಹಿಂಗ ಆಕ್ಕೈತಿ. ತಾಯಿ ಕೈಲೆ ಉಣಸಬೇಕು." ಪೆಟ್ಟಿಗೆ ತೆರೆದು ನನ್ನನ್ನು ಎತ್ತಿಕೊಂಡ.

ನನ್ನ ಸ್ಪ್ರಿಂಗಿನಲ್ಲಿ ಹಳೆಯ ಹುರುಪು ಎದ್ದಿತು. ಸುಳ್ಳೇಕೆ ಹೇಳಲಿ, ನಾನೂ ಅದನ್ನೇ ಬಯಸಿದೆ. ಅವನು ಬಲಗೈಯಲ್ಲಿ ನನ್ನ ಹಿಡಿಕೆ ಹಿಡಿದ. ಒತ್ತಿದ. ಹಿಡಿಕೆ ಅರ್ಧಕ್ಕೆ ಬಂದು ನಿಂತಿತು. ಮತ್ತೆ ಒತ್ತಿದ. ಹಣೆಯ ಬೆವರು ನನ್ನ ಮೇಲೆ ಬಿತ್ತು. ಅವನೂ ನಾನೂ ಆಗ ಒಂದೇ ವಿಷಯ ತಿಳಿದುಕೊಂಡೆವು. ಅವನು ನನ್ನನ್ನು ಬದುವಿನ ಮೇಲೆ, ಅಜ್ಜಿಯ ಬುತ್ತಿಯ ಪಕ್ಕದಲ್ಲಿ, ಮಲಗಿದ ಕೂಸನ್ನು ಇಳಿಸುವ ಹಾಗೆ ಇಳಿಸಿದ.

"ಕಾರಟಗಿಗೆ ಫೋನ್ ಹಚ್ಚು ಹಂಗಾರ, ಯಪ್ಪಾ" ಅಂದಳು ಹುಲಿಗೆಮ್ಮ. ಅಳಲಿಲ್ಲ. ಮಾತಿಗೆ ತಪ್ಪುವವಳಲ್ಲ. "ಆದ್ರ ಅದು ಯಾಕ ಉಣ್ಣಲಿಲ್ಲಂತ ನೋಡ್ತೀನಿ. ಉಪಾಸಿಟ್ಟು ಕಳಸಾಕಿಲ್ಲ."

"ನೋಡಾಕ ಕಾಣಸಂಗಿಲ್ಲಲ್ಲ ಅದು" ಅಂದ ಯಮನೂರಪ್ಪ.

ಸಂಕಮ್ಮಜ್ಜಿ ಸೊಂಟದ ಚೀಲದಿಂದ ಕುಂಕುಮದ ಡಬ್ಬಿ ತೆಗೆದಳು. ಮುಚ್ಚಳದ ಒಳಗೆ ರೂಪಾಯಿಯಗಲದ ಕನ್ನಡಿ. "ಇಷ್ಟು ವರ್ಷ ಯಾರಿಗೂ ಬುದ್ಧಿ ಬರಲಿಲ್ಲ, ನನಗೂ ಸುದ್ದಾ. ಹಿಡೀರಿ."

ಕಬ್ಬಿಣ ಆರಿದ ಮೇಲೆ ಹುಲಿಗೆಮ್ಮ ಕೆಳಗೆ ಮಲಗಿದಳು. ಯಮನೂರಪ್ಪ ಪಕ್ಕಕ್ಕೆ ಒರಗಿ ಎಡಗೈಯಲ್ಲಿ ಕನ್ನಡಿಯನ್ನು ಸಂದಿಗೆ ಹಿಡಿದ. ಅವಳು ಮೊಬೈಲಿನ ಬೆಳಕು ಬಿಟ್ಟಳು. ಇಬ್ಬರೂ ಕೆನ್ನೆಗೆ ಕೆನ್ನೆ ತಾಗಿಸಿ ಆ ಪುಟ್ಟ ಕನ್ನಡಿಯೊಳಗೆ ನೋಡಿದರು.

ಬಾಯಿ ಅಲ್ಲಿತ್ತು. ಸುತ್ತ ಚೆಲ್ಲಿದ ಹೊಸ ಗ್ರೀಸು ಕರಗಿ ಇಳಿದಿತ್ತು. ನಡುವೆ ಆ ಬಾಯಿ ಚೊಕ್ಕವಾಗಿ, ಗಟ್ಟಿಯಾಗಿ, ಒಂದು ಚೂರೂ ಬಿಡದೆ ಕುಂಕುಮಗೆಂಪಾಗಿ ಮುಚ್ಚಿಹೋಗಿತ್ತು.

ಕೋಲಿಗೆ ಕಟ್ಟಿದ ಕುಂಚ ನನಗೆ ನೆನಪಾಯಿತು. ಯಮನೂರಪ್ಪನಿಗೂ.

"ನಾನ ಬಾಯಿ ಕಟ್ಟೀನಿ, ಯವ್ವಾ," ಅಂದ ಅವನು. "ಪೂಜಿ ಮಾಡಿ, ಹೂ ಏರಿಸಿ, ಬಾಯಿ ಕಟ್ಟೀನಿ."

ಹುಲಿಗೆಮ್ಮ ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ, ಕನ್ನಡಿಯಲ್ಲಿ ನೋಡುತ್ತ, ಬಣ್ಣವನ್ನು ಚೂರುಚೂರಾಗಿ ಕೆರೆದಳು. ಕನ್ನಡಿಯಲ್ಲಿ ಎಡ ಬಲ ಆಗುತ್ತದೆ, ಪಿನ್ನು ಜಾರುತ್ತಿತ್ತು. "ಸ್ವಲ್ಪ ಈ ಕಡೆ ಹಿಡಿ, ಯಪ್ಪಾ." ಅವನು ಹಿಡಿದ. ಕೊನೆಗೆ ಬಾಯಿಯೊಳಗಿನ ಸಾಸಿವೆಯಂಥ ಗುಂಡು ಪಿನ್ನಿನ ತುದಿಗೆ ಒಳಸರಿದು ಮತ್ತೆ ಮೇಲೆ ಬಂತು.

"ಒಬ್ಬಾಕಿನ ಮಾಡಬೇಕಂದಿದ್ದಿ," ಅಂದಳು ಅವಳು, ಮೂತಿ ಕೈಗೆತ್ತಿಕೊಳ್ಳುತ್ತ. "ಈಗ ನಿನ್ನ ಕೈ ಕೂಡಿತಲ್ಲ."

"ನನ್ನ ಕೈ ಬಣ್ಣದಾಗ ಮೊದಲ ಕೂಡೇತಿ," ಅಂದ ಯಮನೂರಪ್ಪ. "ಈಗ ಕನ್ನಡಿ ಹಿಡದದ್ದಕ್ಕ ಅದು ಕಳೀತು. ಹೂಂ ಅನ್ನು."

"ಹೂಂ."

ಟಕ್ ಎಂದು ಮೂತಿ ಕಚ್ಚಿತು. ಅವಳು ಅದನ್ನು ಬಿಟ್ಟು ಕೈ ಹೊರಗೆಳೆದಳು. ಅದು ತಾನೇ ಹಿಡಿದು ನಿಂತಿತು. ಬಲಗೈ ಗುಂಡಿ ಒತ್ತಿತು. ಹೊಸ ಗನ್ನು ಗುರ್ರ್ ಎಂದು ಶುರುಮಾಡಿ ದನಿ ಭಾರ ಮಾಡಿಕೊಂಡಿತು, ತುಂಬಿದ ಕೊಡ ಎತ್ತುವವರ ಹಾಗೆ. ಬದುವಿನ ಮೇಲೆ ಮಲಗಿ ನಾನು ಕೇಳುತ್ತಿದ್ದೆ. ಆ ದನಿ ನನಗೆ ಗೊತ್ತು. ಗ್ರೀಸು ಒಳಗೆ ಹೋಗುವಾಗ ನನ್ನ ಹೊಟ್ಟೆಯೂ ಹಾಗೇ ಭಾರವಾಗುತ್ತಿತ್ತು. ನನಗೆ ಆಗ ಹೊಟ್ಟೆಕಿಚ್ಚು ಆಗಲಿಲ್ಲ ಎಂದರೆ ನೀವು ನಂಬಬೇಕು. ಉಣಿಸುವ ಕೈ ಬದಲಾಗುತ್ತದೆ. ಅಜ್ಜಿಯ ಕೈಯ ತುತ್ತು ಅವ್ವನ ಕೈಗೆ, ಅವ್ವನದು ಮಗಳ ಕೈಗೆ. ಹಸಿವು ಮಾತ್ರ ಅದೇ. ಖಾದರಸಾಬ ಅರಿವೆಯಲ್ಲಿ ಒರೆಸಿ ನನ್ನನ್ನು ಕೊಟ್ಟಾಗ ಅವನ ಕೈ ಹೇಗೆ ಹಗುರವಾಗಿತ್ತೋ, ನನ್ನ ಮೈ ಈಗ ಹಾಗೆ ಹಗುರವಾಗಿತ್ತು.

"ಯಜ್ಜಿ," ಕೆಳಗಿನಿಂದ ಹುಲಿಗೆಮ್ಮನ ದನಿ. "ಬಾಯಿ ಕಣ್ಣಿಗಿ ಬಿತ್ತು. ಆಮ್ಯಾಲ?"

"ತಡಿಯಲೇ. ಉಂಡಿಲ್ಲ ಇನ್ನ."

ಎಲ್ಲರೂ ಕೆಳಗಿನ ಸೀಳನ್ನೇ ನೋಡುತ್ತಿದ್ದರು. ದುರುಗಪ್ಪನೂ ಎಮ್ಮೆಗಳನ್ನು ಮರೆತು ಮೊಣಕಾಲೂರಿ ಕೂತಿದ್ದ. ಗನ್ನು ಗುರುಗುಟ್ಟುತ್ತಲೇ ಇತ್ತು. ಯಮನೂರಪ್ಪ ಕನ್ನಡಿಯನ್ನು ಅಂಗಿಯ ಕಿಸೆಗೆ ಹಾಕಿ, ಎಡಗೈಯಿಂದ ಉಡದಾರದಲ್ಲಿ ಕೀಲಿಯ ಗಂಟು ಹುಡುಕುತ್ತಿದ್ದ. ಬಿಗಿ ಗಂಟು, ಒಂದು ಕೈಗೆ ಬೇಗ ಬಿಚ್ಚದು.

ಸೀಳಿನ ಅಂಚಿನಲ್ಲಿ ಮೊದಲು ಏನೋ ಮಿಂಚಿತು. ಆಮೇಲೆ ದಪ್ಪಗೆ, ನಿಧಾನವಾಗಿ, ಹಳೆಯ ಕಾಡಿಗೆಯ ಹಾಗೆ ಕಪ್ಪು ಗ್ರೀಸು ಹೊರಬಂತು. ಅದರ ಬೆನ್ನಿಗೇ ಜೇನುಬಣ್ಣದ್ದು.

ಹುಲಿಗೆಮ್ಮ ಗುಂಡಿ ಬಿಟ್ಟಳು. ಗದ್ದೆಯೆಲ್ಲ ಸುಮ್ಮನಾಯಿತು.

"ಆಮ್ಯಾಲ," ಎಂದಳು ಸಂಕಮ್ಮಜ್ಜಿ, ಬುತ್ತಿಯ ಗಂಟು ಬಿಚ್ಚುತ್ತ, "ರಕ್ಕಸಿ ಉಂಡಳು."